ಬಾಡಿಗೆ ಮನೆಯ ವ್ಯಾಜ್ಯ: ಇಲ್ಲಿ ಬಾಡಿಗೆದಾರ, ಅಲ್ಲಿ ಮಾಲೀಕ

ಹೊರದೇಶದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಬಾಡಿಗೆಯ ಕಾನೂನಿನೊಡನೆ ಎರಡು ಬಗೆಯ ನಂಟು ಇರುತ್ತದೆ. ಬಂದ ಹೊಸತರಲ್ಲಿ ಇಲ್ಲಿ ಪರರ ಮನೆಯಲ್ಲಿ ಬಾಡಿಗೆಗಿರುತ್ತೇವೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಊರಿನಲ್ಲಿ ತಂದೆ ಕಟ್ಟಿಸಿದ ಮನೆಗೋ, ನಾವೇ ಕೊಂಡ ಫ್ಲ್ಯಾಟಿಗೋ ಮಾಲೀಕರಾಗಿ ಅಲ್ಲಿ ಬಾಡಿಗೆದಾರರನ್ನು ಇರಿಸಿರುತ್ತೇವೆ. ನಾನು ಈ ಎರಡೂ ಸ್ಥಾನಗಳಲ್ಲಿ ನಿಂತು ಜಗಳವಾಡಿದವನು. ಎರಡು ಸಲವೂ ನ್ಯಾಯ ನನ್ನ ಕಡೆಗಿದೆ ಎಂದು ನಂಬಿದ್ದೆ. ಆ ನಂಬಿಕೆಯ ಬಲದಿಂದಲೇ ಮೊದಲನೆಯ ಸಲ ತಪ್ಪು ಹೆಜ್ಜೆ ಇಟ್ಟೆ. ಎರಡನೆಯ ಸಲ ಇಡುವುದರಲ್ಲಿದ್ದೆ.

ನಾನು ವೈದ್ಯ, ವಕೀಲನಲ್ಲ. ಇಲ್ಲಿ ಬರೆದಿರುವುದು ಇಂಗ್ಲೆಂಡಿನ ಖಾಸಗಿ ಬಾಡಿಗೆಯ ಕಾನೂನನ್ನೂ ಬೆಂಗಳೂರಿನ ಮನೆಗಳಿಗೆ ಅನ್ವಯಿಸುವ ಕಾನೂನನ್ನೂ ಒಬ್ಬ ಸಾಮಾನ್ಯ ಓದುಗ ತಿಳಿದುಕೊಂಡಷ್ಟು ಮಾತ್ರ. ಸ್ಕಾಟ್ಲೆಂಡಿಗೆ 2016ರ ಪ್ರತ್ಯೇಕ ಕಾಯ್ದೆಯಿದೆ. ವೇಲ್ಸಿನಲ್ಲಿ 2022ರ ಡಿಸೆಂಬರಿನಿಂದ ಬೇರೆಯದೇ ವ್ಯವಸ್ಥೆ ಜಾರಿಯಲ್ಲಿದೆ. ಅಲ್ಲಿರುವವರು ಮುಂದಿನ ಮಾತುಗಳನ್ನು ತಮ್ಮ ಮನೆಗೆ ನೇರವಾಗಿ ಹೊಂದಿಸಿಕೊಳ್ಳಬಾರದು.

ಒಂದು ಗೋಡೆಯ ಬೂಷ್ಟು

1999ರಲ್ಲಿ ನಾನು ಲ್ಯಾಂಕಾಶೈರಿನ ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದೆ. ಹೆಂಡತಿ ಮತ್ತು ಒಂದೂವರೆ ವರ್ಷದ ಮಗಳು ಊರಿನಿಂದ ಬಂದಾಗ ಆಸ್ಪತ್ರೆಯ ವಸತಿಯನ್ನು ಬಿಟ್ಟು, ಹಳೆಯ ಇಟ್ಟಿಗೆಯ ಸಾಲುಮನೆಗಳಲ್ಲೊಂದನ್ನು ಆರು ತಿಂಗಳ ಕರಾರಿನ ಮೇಲೆ ಹಿಡಿದೆವು. ಕರಾರು ಮುಗಿದ ಬಳಿಕ ತಿಂಗಳಿಂದ ತಿಂಗಳಿಗೆ ಹಾಗೆಯೇ ಮುಂದುವರಿದೆವು. ನವೆಂಬರಿನ ಹೊತ್ತಿಗೆ ಮಲಗುವ ಕೋಣೆಯ ಹೊರಗೋಡೆಯ ಮೇಲೆ ಕಪ್ಪು ಬೂಷ್ಟು ಹಬ್ಬಿತು. ಒರೆಸಿದರೆ ವಾರದಲ್ಲಿ ಮತ್ತೆ ಬರುತ್ತಿತ್ತು. ಮಗುವಿಗೆ ರಾತ್ರಿಯೆಲ್ಲ ಕೆಮ್ಮು.

ಮಾಲೀಕರಿಗೆ ನಾಲ್ಕೈದು ಸಲ ದೂರವಾಣಿ ಮಾಡಿದೆ. ನೀವು ದಿನವೂ ಅನ್ನ ಬೇಯಿಸುತ್ತೀರಿ, ಬಟ್ಟೆಯನ್ನು ಒಳಗೇ ಒಣಹಾಕುತ್ತೀರಿ, ಕಿಟಕಿ ತೆರೆಯುವುದಿಲ್ಲ ಎಂದರು. ಡಿಸೆಂಬರಿನಲ್ಲಿ ಆ ಊರಿನಲ್ಲಿ ಯಾರು ತಾನೆ ಕಿಟಕಿ ತೆರೆದು ಮಲಗುತ್ತಾರೆ! ಸಿಟ್ಟಿನಲ್ಲಿ ನಾನು ಜನವರಿಯ ಬಾಡಿಗೆಯನ್ನು ಕಟ್ಟಲಿಲ್ಲ. ದುರಸ್ತಿ ಮಾಡದ ಮನೆಗೆ ಬಾಡಿಗೆ ಏಕೆ ಎಂಬುದು ನನ್ನ ತರ್ಕ. ಎರಡೇ ವಾರಗಳಲ್ಲಿ ಅಂಚೆಯಲ್ಲಿ ನೋಟಿಸು ಬಂತು: ಎರಡು ತಿಂಗಳೊಳಗೆ ಮನೆ ಖಾಲಿ ಮಾಡಬೇಕು. ಅದರಲ್ಲಿ ಕಾರಣವೇ ಇರಲಿಲ್ಲ. ಬಿಟ್ಟು ಹೊರಟಾಗ ಗೋಡೆ ಹಾಳಾಗಿದೆಯೆಂದು ಒಂದು ತಿಂಗಳ ಬಾಡಿಗೆಯಷ್ಟಿದ್ದ ಠೇವಣಿಯನ್ನು ಅವರು ಪೂರ್ತಿ ಇಟ್ಟುಕೊಂಡರು.

ಅಂದು ನನ್ನ ಪರವಾಗಿ ಕಾನೂನು ಎಷ್ಟಿತ್ತು ಎಂಬುದನ್ನು ಬಹಳ ವರ್ಷಗಳ ಮೇಲೆ ಓದಿ ತಿಳಿದುಕೊಂಡೆ. 1985ರ ಭೂಮಾಲೀಕ ಮತ್ತು ಬಾಡಿಗೆದಾರ ಕಾಯ್ದೆಯ 11ನೇ ಕಲಂ ಇಂದಿಗೂ ಇಂಗ್ಲೆಂಡಿನ ಬಾಡಿಗೆದಾರನ ಮುಖ್ಯ ಆಸರೆ. ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಗಳಲ್ಲಿ ಮನೆಯ ಕಟ್ಟಡ, ಹೊರಮೈ, ಚರಂಡಿ, ಮಳೆನೀರಿನ ಕೊಳವೆ, ನೀರು-ಗ್ಯಾಸು-ವಿದ್ಯುತ್ತಿನ ವ್ಯವಸ್ಥೆ, ಶೌಚದ ಸಲಕರಣೆ, ಬಿಸಿನೀರು, ಕೋಣೆ ಬೆಚ್ಚಗಿಡುವ ವ್ಯವಸ್ಥೆ ಇವನ್ನೆಲ್ಲ ಸುಸ್ಥಿತಿಯಲ್ಲಿಡುವುದು ಮಾಲೀಕನ ಹೊಣೆ. ದುರಸ್ತಿಯೆಲ್ಲ ಬಾಡಿಗೆದಾರನದು ಎಂದು ಕರಾರಿನಲ್ಲಿ ಬರೆಸಿಕೊಂಡರೂ ಆ ಮಾತು ನಿಲ್ಲುವುದಿಲ್ಲ.

ಆದರೆ ಇದರಲ್ಲೊಂದು ಕೊರತೆಯಿತ್ತು. 1980ರ ದಶಕದಲ್ಲಿ ವೇಲ್ಸಿನ ಟಾಫ್ ಈಲಿ ಕೌನ್ಸಿಲಿನ ವಿರುದ್ಧ ಕ್ವಿಕ್ ಎಂಬ ಬಾಡಿಗೆದಾರ ಹೂಡಿದ್ದ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಅದನ್ನು ಎತ್ತಿ ತೋರಿಸಿತು. ಲೋಹದ ಕಿಟಕಿ ಚೌಕಟ್ಟುಗಳ ಆ ಮನೆಯಲ್ಲಿ ಹಬೆ ತಣಿದು ನೀರಾಗಿ, ಬಟ್ಟೆಬರೆ ಪೀಠೋಪಕರಣಗಳೆಲ್ಲ ಕೊಳೆತಿದ್ದವು. ವಾಸ ಬಹಳ ಕಷ್ಟವಾಗಿತ್ತೆಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಕಟ್ಟಡದ ಯಾವ ಭಾಗವೂ ಕೆಟ್ಟಿಲ್ಲ, ಮನೆಯ ವಿನ್ಯಾಸವೇ ಹಾಗಿದೆ. ಕೆಡದಿರುವುದನ್ನು ದುರಸ್ತಿ ಮಾಡೆಂದು ಮಾಲೀಕನಿಗೆ ಹೇಳಲಾಗದು ಎಂದಿತು. ನನ್ನ ಗೋಡೆಯ ಕಥೆಯೂ ಬಹುಶಃ ಅದೇ. ನ್ಯಾಯ ನನ್ನ ಕಡೆಗಿದೆ ಎಂದುಕೊಂಡಿದ್ದೆ. ಕಾನೂನು ಅಷ್ಟಾಗಿ ಇರಲಿಲ್ಲ.

ಕಾರಣವಿಲ್ಲದ ಆ ನೋಟಿಸು 1988ರ ವಸತಿ ಕಾಯ್ದೆಯ 21ನೇ ಕಲಮಿನದು. ‘ಸೆಕ್ಷನ್ ಟ್ವೆಂಟಿ ವನ್’ ಎಂಬ ಹೆಸರಿನಿಂದಲೇ ಅದು ಜನರ ಬಾಯಲ್ಲಿತ್ತು. ಬಾಡಿಗೆದಾರನ ತಪ್ಪೇನೂ ಇಲ್ಲದಿದ್ದರೂ ಅವಧಿ ಮುಗಿದ ಮೇಲೆ ಎರಡು ತಿಂಗಳ ನೋಟಿಸು ಕೊಟ್ಟು ಮನೆಯನ್ನು ಹಿಂದಕ್ಕೆ ಕೇಳಬಹುದಿತ್ತು. ಹೀಗಾಗಿ ಸೋರುವ ಕೊಳಾಯಿಯ ಬಗ್ಗೆ ಬಾಯಿ ತೆರೆಯುವ ಮುನ್ನ ಜನ ಎರಡು ಸಲ ಯೋಚಿಸುತ್ತಿದ್ದರು. ಕಾಗದದ ಮೇಲೆ ದುರಸ್ತಿಯ ಹಕ್ಕು ಇತ್ತು. ಅದನ್ನು ಕೇಳಿದವನಿಗೆ ಮನೆ ಉಳಿಯುವ ಭರವಸೆ ಇರಲಿಲ್ಲ.

ಈ ಕೊರತೆಗಳನ್ನು ಒಂದೊಂದಾಗಿ ಮುಚ್ಚಲು ಕಾಲು ಶತಮಾನ ಹಿಡಿಯಿತು. 2007ರ ಏಪ್ರಿಲ್ 6ರಿಂದ ಠೇವಣಿಯನ್ನು ಮಾಲೀಕ ತನ್ನ ಜೇಬಿನಲ್ಲಿಟ್ಟುಕೊಳ್ಳುವಂತಿಲ್ಲ. ಸರ್ಕಾರ ಮಾನ್ಯ ಮಾಡಿದ ಯೋಜನೆಯೊಂದರ ರಕ್ಷಣೆಗೆ ಒಪ್ಪಿಸಬೇಕು. ಈಗಿನ ನಿಯಮದಂತೆ ಹಣ ಪಡೆದ 30 ದಿನಗಳೊಳಗೆ ಇದನ್ನು ಮಾಡಿ, ಬಾಡಿಗೆದಾರನಿಗೆ ವಿವರವನ್ನೂ ಕೊಡಬೇಕು. ತಪ್ಪಿದರೆ ನ್ಯಾಯಾಲಯ ಠೇವಣಿಯ ಒಂದರಿಂದ ಮೂರು ಪಟ್ಟು ಹಣವನ್ನು ಬಾಡಿಗೆದಾರನಿಗೆ ಕೊಡಿಸಬಹುದು. ತಕರಾರು ಬಂದರೆ ಆ ಯೋಜನೆಯವರೇ ಶುಲ್ಕವಿಲ್ಲದೆ ತೀರ್ಮಾನಿಸುತ್ತಾರೆ. ಅಲ್ಲಿ ಹಾನಿಯನ್ನು ರುಜುವಾತು ಮಾಡುವ ಭಾರ ಮಾಲೀಕನ ಮೇಲಿರುತ್ತದೆ. ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ಹಣ ಹಿಡಿಯುವಂತಿಲ್ಲ, ಹತ್ತು ವರ್ಷದ ಹಳೆಯ ನೆಲಹಾಸಿಗೆ ಹೊಸದರ ಬೆಲೆ ಕೇಳುವಂತಿಲ್ಲ. 2019ರ ಜೂನ್ 1ರಿಂದ ಠೇವಣಿಯ ಮೊತ್ತಕ್ಕೂ ಮಿತಿಯಿದೆ: ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಐದು ವಾರಗಳ ಬಾಡಿಗೆ, ಅದಕ್ಕೆ ಮೇಲ್ಪಟ್ಟರೆ ಆರು ವಾರಗಳದು.

2018ರ ಕಾಯ್ದೆ ಟಾಫ್ ಈಲಿ ತೀರ್ಪಿನ ಕೊರತೆಯನ್ನು ತುಂಬಿತು. ಮನೆ ವಾಸಯೋಗ್ಯವಾಗಿರಬೇಕೆಂಬುದು ಈಗ ಪ್ರತಿ ಬಾಡಿಗೆ ಕರಾರಿನಲ್ಲೂ ಬರೆಯದಿದ್ದರೂ ಬರೆದಂತೆಯೇ. ತೇವ, ಗಾಳಿಯಾಡದಿರುವಿಕೆ, ಅತಿಯಾದ ಚಳಿ ಇವೆಲ್ಲ ಅದರೊಳಗೆ ಬರುತ್ತವೆ. ಗೋಡೆ ‘ಕೆಟ್ಟಿದೆಯೇ’ ಎಂಬ ಪ್ರಶ್ನೆ ಏಳುವುದಿಲ್ಲ. ಇದು 2019ರ ಮಾರ್ಚ್ 20ರಂದು ಹೊಸ ಬಾಡಿಗೆಗಳಿಗೂ, ಒಂದು ವರ್ಷದ ಬಳಿಕ ಹಳೆಯವಕ್ಕೂ ಅನ್ವಯವಾಯಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯದು. ಅದಕ್ಕೆ ಅರಸರ ಅಂಕಿತ ಬಿದ್ದದ್ದು 2025ರ ಅಕ್ಟೋಬರ್ 27ರಂದು; ಮುಖ್ಯ ಭಾಗಗಳು ಜಾರಿಗೆ ಬರುವ ದಿನ 2026ರ ಮೇ 1. ಆ ದಿನದಿಂದ 21ನೇ ಕಲಮಿನ ನೋಟಿಸು ಇಲ್ಲ, ನಿಗದಿತ ಅವಧಿಯ ಕರಾರೂ ಇಲ್ಲ. ಬಾಡಿಗೆದಾರ ಎರಡು ತಿಂಗಳ ನೋಟಿಸು ಕೊಟ್ಟು ಬಿಡಬಹುದು. ಮಾಲೀಕ ಕಾನೂನು ಹೇಳಿದ ಕಾರಣಗಳಲ್ಲೊಂದನ್ನು ತೋರಿಸಬೇಕು. ಮಾರಲು ಅಥವಾ ತಾನೇ ವಾಸಿಸಲು ಮನೆ ಬೇಕಿದ್ದರೆ ನಾಲ್ಕು ತಿಂಗಳ ನೋಟಿಸು, ಅದರ ಅವಧಿಯೂ ಮೊದಲ ಒಂದು ವರ್ಷದೊಳಗೆ ಮುಗಿಯುವಂತಿಲ್ಲ. ಬಾಡಿಗೆಯನ್ನು ವರ್ಷಕ್ಕೊಮ್ಮೆ ಮಾತ್ರ, ಎರಡು ತಿಂಗಳ ನೋಟಿಸಿನಿಂದ ಏರಿಸಬಹುದು; ಹೆಚ್ಚೆನಿಸಿದರೆ ಬಾಡಿಗೆದಾರ ನ್ಯಾಯಮಂಡಲಿಗೆ ಹೋಗಬಹುದು.

ಇಷ್ಟೆಲ್ಲ ಆದರೂ ನಾನು ಅಂದು ಮಾಡಿದ ತಪ್ಪು ಇಂದಿಗೂ ತಪ್ಪೇ. ಬಾಡಿಗೆಯನ್ನು ತಡೆಹಿಡಿಯುವುದು ದುರಸ್ತಿಗೆ ಒತ್ತಾಯಿಸುವ ದಾರಿಯಲ್ಲ. ಹೊಸ ಕಾಯ್ದೆಯಂತೆ ಮೂರು ತಿಂಗಳ ಬಾಡಿಗೆ ಬಾಕಿಯಾಗಿ, ನೋಟಿಸಿನ ದಿನವೂ ವಿಚಾರಣೆಯ ದಿನವೂ ಅಷ್ಟು ಬಾಕಿ ಉಳಿದಿದ್ದರೆ ನ್ಯಾಯಾಲಯ ಮನೆಯನ್ನು ಬಿಡಿಸಿಕೊಡಲೇಬೇಕಾಗುತ್ತದೆ. ಗೋಡೆಯ ಬೂಷ್ಟು ಆಗ ತಾನಾಗಿ ರಕ್ಷಣೆಗೆ ಬರುವುದಿಲ್ಲ. ದುರಸ್ತಿಯ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದನ್ನು ಇಲ್ಲಿನ ನ್ಯಾಯಾಲಯಗಳು ಕೆಲವೊಮ್ಮೆ ಒಪ್ಪಿರುವುದುಂಟು. ವಕೀಲರ ಸಲಹೆಯಿಲ್ಲದೆ ಆ ದಾರಿ ಹಿಡಿಯಬಾರದು. ಬಾಡಿಗೆ ಕಟ್ಟುತ್ತಲೇ ದೂರನ್ನು ಬರವಣಿಗೆಯಲ್ಲಿ ಕೊಡಬೇಕು, ದಿನಾಂಕವಿರುವ ಚಿತ್ರಗಳನ್ನು ಇಟ್ಟುಕೊಳ್ಳಬೇಕು, ಉತ್ತರ ಬಾರದಿದ್ದರೆ ಸ್ಥಳೀಯ ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗವನ್ನು ಕರೆಸಬೇಕು. ನಾನು ನಾಲ್ಕೈದು ಸಲ ದೂರವಾಣಿ ಮಾಡಿದ್ದೆನೇ ಹೊರತು ಒಂದು ಕಾಗದವನ್ನೂ ಬರೆದಿರಲಿಲ್ಲ. ನಾನು ದೂರಿದ್ದೆ ಎಂಬುದಕ್ಕೆ ನನ್ನಲ್ಲಿ ಸಾಕ್ಷಿಯೇ ಇರಲಿಲ್ಲ.

ವೈದ್ಯನ ಕಣ್ಣಿಗೆ

2020ರ ಡಿಸೆಂಬರಿನಲ್ಲಿ ರೋಚ್‌ಡೇಲಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಸಾಮಾಜಿಕ ವಸತಿ ಸಂಸ್ಥೆಯೊಂದರ ಫ್ಲ್ಯಾಟಿನಲ್ಲಿ ಆ ಕುಟುಂಬದ ವಾಸ. ತಂದೆ 2017ರಲ್ಲೇ ಬೂಷ್ಟಿನ ಬಗ್ಗೆ ದೂರಿದ್ದರು. ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ಸಿಕ್ಕಿತ್ತು. ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದರಿಂದಲೇ ಈ ಸಾವು ಸಂಭವಿಸಿತೆಂದು 2022ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಆ ಸುದ್ದಿಯನ್ನು ಓದಿದ ದಿನ ನನಗೆ ನಮ್ಮ ಹಳೆಯ ಮಲಗುವ ಕೋಣೆ ನೆನಪಾಯಿತು. ನಾವು ಅಲ್ಲಿಂದ ಹೊರಟದ್ದು ನಮ್ಮ ವಿವೇಕದಿಂದಲ್ಲ, ಹೊರಹಾಕಿದ್ದರಿಂದ.

ಮಗುವಿನ ಹೆಸರಿನ ನಿಯಮವೊಂದು 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿಯ ಮನೆಗಳಲ್ಲಿ ಜಾರಿಯಲ್ಲಿದೆ. ತುರ್ತು ಅಪಾಯವನ್ನು 24 ಗಂಟೆಗಳಲ್ಲಿ ನಿವಾರಿಸಬೇಕು. ಗಂಭೀರವಾದ ತೇವ ಮತ್ತು ಬೂಷ್ಟನ್ನು ಕೆಲಸದ 10 ದಿನಗಳಲ್ಲಿ ಪರೀಕ್ಷಿಸಿ, ಪರೀಕ್ಷೆ ಮುಗಿದ ಮೇಲೆ ಕೆಲಸದ 5 ದಿನಗಳಲ್ಲಿ ಮನೆಯನ್ನು ಸುರಕ್ಷಿತಗೊಳಿಸಬೇಕು. ಖಾಸಗಿ ಬಾಡಿಗೆ ಮನೆಗಳಿಗೂ ಇದನ್ನು ವಿಸ್ತರಿಸಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ಬೂಷ್ಟಿಗೆ ಬಾಡಿಗೆದಾರರ ಜೀವನಕ್ರಮವೇ ಕಾರಣವೆನ್ನುವ ವಾಡಿಕೆಯನ್ನು ವಸತಿ ಓಂಬುಡ್ಸ್‌ಮನ್ 2021ರ ವರದಿಯ ಶಿರೋನಾಮೆಯಲ್ಲೇ ತಳ್ಳಿಹಾಕಿದ್ದರು. ಅನ್ನದ ಹಬೆಯನ್ನು ದೂರುವ ಮಾತು ನನ್ನೊಬ್ಬನಿಗೆ ಮಾತ್ರ ಕೇಳಿಸಿದ್ದಲ್ಲ ಎಂದು ಆಗ ತಿಳಿಯಿತು.

ನನ್ನ ಬಳಿಗೆ ಬರುವ ರೋಗಿಗಳು ಮನೆ ಮಾಲೀಕರಿಗೋ ಕೌನ್ಸಿಲಿಗೋ ಕೊಡಲು ಪತ್ರ ಕೇಳುವುದುಂಟು. ಮನೆಯನ್ನು ಕಾಣದ ವೈದ್ಯ ಈ ಕೆಮ್ಮಿಗೆ ಆ ಗೋಡೆಯೇ ಕಾರಣ ಎಂದು ಬರೆಯಲಾರ. ಬರೆದರೆ ವಿಚಾರಣೆಯಲ್ಲಿ ಆ ಪತ್ರ ನಿಲ್ಲುವುದೂ ಇಲ್ಲ. ಯಾವ ದಿನ ಯಾವ ಲಕ್ಷಣದೊಡನೆ ಬಂದರು, ಇನ್‌ಹೇಲರ್ ಎಷ್ಟು ಸಲ ಹೆಚ್ಚಿಸಬೇಕಾಯಿತು, ರಜೆಗೆ ಬೇರೆಡೆ ಹೋದಾಗ ಉಸಿರಾಟ ಸುಧಾರಿಸಿತೇ, ಇಂಥ ರೋಗಿಗೆ ತೇವದ ಮನೆ ಏಕೆ ಅಪಾಯ ಎಂಬುದನ್ನು ಬರೆಯಬಹುದು. ಆದ್ದರಿಂದ ಪತ್ರ ಕೇಳುವ ಮುನ್ನ, ತೊಂದರೆ ಇರುವಾಗಲೇ ವೈದ್ಯರಿಗೆ ತೋರಿಸಿ ದಾಖಲಾಗುವಂತೆ ನೋಡಿಕೊಳ್ಳುವುದು ಲೇಸು. ಇನ್ನೊಂದು ಮಾತು: ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಸಂಶಯಿಸಬೇಕು. ಗ್ಯಾಸಿನ ಉಪಕರಣಗಳನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸುವುದು ಮಾಲೀಕನ ಕರ್ತವ್ಯ. ಆ ಪರೀಕ್ಷೆಯ ಪತ್ರವನ್ನು ಕೇಳಿ ಪಡೆಯಿರಿ.

ಬಾಡಿಗೆದಾರನಿಗೂ ಕರ್ತವ್ಯಗಳಿವೆ. 1953ರ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ಇದನ್ನು ದಿನಬಳಕೆಯ ಮಾತಿನಲ್ಲೇ ವಿವರಿಸಿದರು: ತನ್ನ ಕಸದಿಂದ ಕಟ್ಟಿಕೊಂಡ ಸಿಂಕನ್ನು ತಾನೇ ಬಿಡಿಸಬೇಕು, ಸುಟ್ಟುಹೋದ ಫ್ಯೂಸನ್ನು ಹಾಕಿಕೊಳ್ಳಬೇಕು, ಚಳಿಗಾಲದಲ್ಲಿ ಪರಊರಿಗೆ ಹೋಗುವಾಗ ನೀರು ನಿಲ್ಲಿಸಿ ಹೋಗಬೇಕು. ಡಿಸೆಂಬರಿನಲ್ಲಿ ಊರಿಗೆ ಹೊರಡುವ ನಮ್ಮವರು ಈ ಕೊನೆಯದನ್ನು ಮರೆಯುತ್ತಾರೆ. ಹಿಂತಿರುಗಿದಾಗ ಕೊಳವೆ ಹೆಪ್ಪುಗಟ್ಟಿ ಒಡೆದು ನೆಲವೆಲ್ಲ ನೀರಾಗಿರುತ್ತದೆ.

ರಾಜಾಜಿನಗರದ ಮನೆ

2014ರಲ್ಲಿ ತಂದೆ ತೀರಿಕೊಂಡರು. ಬೆಂಗಳೂರಿನ ರಾಜಾಜಿನಗರದಲ್ಲಿ ಅವರು ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿ ಒಂದು ಕುಟುಂಬ ಒಂಬತ್ತು ವರ್ಷಗಳಿಂದ ಬಾಡಿಗೆಗಿತ್ತು. ತಾಯಿಯನ್ನು ಕೆಳಮನೆಗೆ ಇಳಿಸಬೇಕಿತ್ತು. ಅವರಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಬಾಡಿಗೆದಾರರು ಇವತ್ತು ನಾಳೆ ಎನ್ನುತ್ತ ಎಂಟು ತಿಂಗಳು ಕಳೆದರು. ನಮ್ಮ ಭಾವನವರು ದೂರವಾಣಿಯಲ್ಲಿ ಎರಡು ಮಾತು ಹೇಳಿದರು. ಒಂದು, ‘ಹನ್ನೆರಡು ವರ್ಷ ತುಂಬಿದರೆ ಮನೆ ಅವರದೇ ಆಗಿಬಿಡುತ್ತೆ, ಹುಷಾರು.’ ಎರಡು, ‘ನೀನು ಹ್ಞೂಂ ಅನ್ನು, ನಾಳೆಯೇ ಸಂಪಿನ ಮೋಟಾರು ತೆಗೆಸ್ತೀನಿ. ನೀರಿಲ್ಲದಿದ್ದರೆ ವಾರದಲ್ಲಿ ಜಾಗ ಖಾಲಿ ಮಾಡ್ತಾರೆ.’

ಮೊದಲನೆಯದು ನಮ್ಮ ಅನಿವಾಸಿಗಳನ್ನೆಲ್ಲ ಕಾಡುವ ಭಯ, ಅದು ನಿಜವಲ್ಲ. ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನದ ನಿಯಮ ಮಾಲೀಕನ ಹಕ್ಕನ್ನೇ ಅಲ್ಲಗಳೆದು ಬಹಿರಂಗವಾಗಿ ಜಾಗ ಹಿಡಿದವನಿಗೆ ಸಂಬಂಧಿಸಿದ್ದು. ಬಾಡಿಗೆದಾರ ಮಾಲೀಕನ ಅನುಮತಿಯಿಂದಲೇ ಒಳಗೆ ಬಂದವನು. ಬಾಡಿಗೆ ನಡೆಯುತ್ತಿರುವಾಗ, ಒಪ್ಪಂದದ ಆರಂಭದಲ್ಲಿ ಮನೆ ಮಾಲೀಕನದಾಗಿರಲಿಲ್ಲ ಎಂದು ಆತ ವಾದಿಸುವಂತಿಲ್ಲ ಎಂಬುದು ಸಾಕ್ಷ್ಯ ಕಾಯ್ದೆಯ ಹಳೆಯ ನಿಯಮ. 2023ರ ಹೊಸ ಸಾಕ್ಷ್ಯ ಕಾನೂನಿನಲ್ಲೂ ಅದು ಉಳಿದಿದೆ. ಆದರೆ ಆತ ಬಾಡಿಗೆದಾರನೆಂದು ತೋರಿಸಲು ಕರಾರು ಪತ್ರವೋ ಬಾಡಿಗೆ ಸಂದಾಯದ ದಾಖಲೆಯೋ ಇರಬೇಕು. ತಂದೆ ನಗದಿನಲ್ಲಿ ಪಡೆದು ಡೈರಿಯಲ್ಲಿ ಗುರುತು ಹಾಕುತ್ತಿದ್ದರು. ಕರಾರು ಒಂದೇ ಒಂದು, ಹನ್ನೊಂದು ತಿಂಗಳದು, ನವೀಕರಿಸದ್ದು.

ಆ ಹನ್ನೊಂದು ತಿಂಗಳ ಕಥೆಯೂ ಸರಳ. ಒಂದು ವರ್ಷಕ್ಕೆ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಬಾಡಿಗೆಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕು ಎನ್ನುತ್ತವೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು 1908ರ ನೋಂದಣಿ ಕಾಯ್ದೆ. ಉಪನೋಂದಣಾಧಿಕಾರಿಯ ಕಚೇರಿಯನ್ನೂ ಅದರ ಖರ್ಚನ್ನೂ ತಪ್ಪಿಸಲು ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಹನ್ನೊಂದು ತಿಂಗಳು ಮುಗಿದೊಡನೆ ಬಾಡಿಗೆದಾರ ಹೊರಗೆ ಬರಬೇಕೆಂಬ ಮಂತ್ರಶಕ್ತಿ ಆ ಕಾಗದಕ್ಕಿಲ್ಲ.

1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದು 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನವನ್ನು ಪಡೆಯಿತು. ಸ್ಥೂಲವಾಗಿ ಹೇಳುವುದಾದರೆ, ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯಿಸದು. ಇಂದು ಆ ಬಾಡಿಗೆಗೆ ಅಲ್ಲಿ ಯಾವ ಮನೆ ಸಿಕ್ಕೀತು? ಹೀಗಾಗಿ ಬಹುಪಾಲು ಮನೆಗಳ ವ್ಯಾಜ್ಯ ಮತ್ತೆ 1882ರ ಕಾಯ್ದೆಯ ಕೈಗೇ ಬರುತ್ತದೆ. ಅದರ 106ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ವಾಸದ ಮನೆಯ ಬಾಡಿಗೆ ತಿಂಗಳಿನಿಂದ ತಿಂಗಳಿಗೆ ನಡೆಯುವುದು. ಯಾವ ಕಡೆಯವರೇ ಆಗಲಿ ಬರಹದಲ್ಲಿ 15 ದಿನಗಳ ನೋಟಿಸು ಕೊಟ್ಟು ಮುಗಿಸಬಹುದು. ಆಮೇಲೂ ಬಿಡದಿದ್ದರೆ ತೆರವಿನ ದಾವೆ ಹೂಡಬೇಕು. ಬೆಂಗಳೂರಿನಲ್ಲಿ ಅದು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ. ಇಂಗ್ಲೆಂಡಿಗೆ ಹೋಲಿಸಿದರೆ ಅಲ್ಲಿನ ಕಾನೂನು ಮಾಲೀಕನಿಗೆ ಬಹಳ ಅನುಕೂಲವಾಗಿದೆ. ಅವನನ್ನು ದಣಿಸುವುದು ದಾವೆ ನಡೆಯುವ ಕಾಲ.

ಇಲ್ಲೊಂದು ಸೂಕ್ಷ್ಮವನ್ನು ಹೊರದೇಶದಲ್ಲಿರುವ ಮಾಲೀಕರು ಗಮನಿಸಬೇಕು. ನೋಟಿಸಿನ ಅವಧಿ ಮುಗಿದ ಮೇಲಿನ ದಿನಗಳಿಗೂ ಬಾಡಿಗೆ ಪಡೆದರೆ ನೋಟಿಸನ್ನು ಕೈಬಿಟ್ಟಂತೆ ಎಂಬ ವಾದಕ್ಕೆ 113ನೇ ಕಲಂ ದಾರಿ ಮಾಡಿಕೊಡುತ್ತದೆ. ಪ್ರತಿ ತಿಂಗಳು ಬ್ಯಾಂಕಿನ ಖಾತೆಗೆ ತಾನಾಗಿ ಹಣ ಬಂದು ಬೀಳುತ್ತಿರುತ್ತದೆ. ನಾವು ನೋಡುವುದೂ ಇಲ್ಲ. ಆಮೇಲೆ ಬರುವ ಹಣವನ್ನು ಹಕ್ಕಿಗೆ ಬಾಧೆ ಬಾರದಂತೆ, ಮನೆಯನ್ನು ಬಳಸಿಕೊಂಡದ್ದರ ಪರಿಹಾರವಾಗಿ ಮಾತ್ರ ಪಡೆಯುತ್ತೇನೆಂದು ಆ ನೋಟಿಸಿನಲ್ಲೇ ವಕೀಲರಿಂದ ಬರೆಸುವುದು ಒಳ್ಳೆಯದು. ತೆರಿಗೆಯ ಮಾತೂ ಒಂದಿದೆ: ಅನಿವಾಸಿ ಮಾಲೀಕನಿಗೆ ಬಾಡಿಗೆ ಕೊಡುವವರು ಶೇಕಡ 30ರಂತೆ, ಮೇಲೆ ಸೆಸ್ ಸೇರಿಸಿ, ಮೂಲದಲ್ಲೇ ತೆರಿಗೆ ಕಡಿದು ಸರ್ಕಾರಕ್ಕೆ ಕಟ್ಟಬೇಕು. ಎಷ್ಟೋ ಬಾಡಿಗೆದಾರರಿಗೆ ತಮ್ಮ ಮೇಲೆ ಈ ಹೊಣೆಯಿದೆ ಎಂಬುದೇ ತಿಳಿಯದು, ತಿಳಿಸಬೇಕಾದವರು ನಾವು.

ಭಾವನವರ ಎರಡನೆಯ ಮಾತಿಗೆ ಬರುತ್ತೇನೆ. ಆ ರಾತ್ರಿ ನಾನು ಬೇಡ ಎನ್ನಲಿಲ್ಲ. ಬೆಳಿಗ್ಗೆ ಹೇಳುತ್ತೇನೆ ಎಂದೆ. ಕೆಳಮನೆಯಲ್ಲಿ ಆ ಬಾಡಿಗೆದಾರರ ವೃದ್ಧ ತಾಯಿಯೂ ಇದ್ದರು. ನನ್ನ ತಂದೆಯ ಕೊನೆಯ ದಿನಗಳಲ್ಲಿ ಗಂಜಿ ಮಾಡಿ ಮೇಲೆ ಕಳುಹಿಸುತ್ತಿದ್ದವರು. ಅವರ ಮನೆಯ ನೀರನ್ನು ನಿಲ್ಲಿಸುವ ಬಗ್ಗೆ ಒಬ್ಬ ವೈದ್ಯ ಒಂದು ರಾತ್ರಿ ಯೋಚಿಸಿದ್ದಾನೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಬೆಳಿಗ್ಗೆ ಕೇಳಿದ ವಕೀಲರು ಸ್ಪಷ್ಟವಾಗಿ ಹೇಳಿದರು: ನೀರು ವಿದ್ಯುತ್ತು ಕಡಿದರೆ, ಬೀಗ ಬದಲಾಯಿಸಿದರೆ ಮರುದಿನವೇ ಅವರು ತಡೆಯಾಜ್ಞೆ ತರಬಹುದು, ಆ ಕ್ಷಣದಿಂದ ನೀವು ಅನ್ಯಾಯಕ್ಕೊಳಗಾದವರಲ್ಲ, ಅನ್ಯಾಯ ಮಾಡಿದವರು. ನೋಟಿಸಿನ ಅವಧಿ ಮುಗಿದವನನ್ನೂ ನ್ಯಾಯಾಲಯದ ಮೂಲಕವೇ ಹೊರಗೆ ಕಳುಹಿಸಬೇಕು. ಬಲವಂತದಿಂದ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಆತ ಮತ್ತೆ ಒಳಗೆ ಬರಬಹುದು. ಮನೆ ಯಾರದೆಂಬ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ. ಇಂಗ್ಲೆಂಡಿನಲ್ಲಿ ಇಂಥ ಕೃತ್ಯ 1977ರ ಕಾಯ್ದೆಯಡಿ ಅಪರಾಧವೇ ಆಗಿದೆ.

ವಕೀಲರ ನೋಟಿಸು ಹೋಯಿತು. ನಾನು ರಜೆ ಹಾಕಿ ಹೋಗಿ ಅವರೊಡನೆ ಕುಳಿತು ಮಾತಾಡಿದೆ. ಮಗಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ಸಮಯ ಬೇಕೆಂಬುದು ಅವರ ನಿಜವಾದ ಕಷ್ಟ. ಎಂಟು ತಿಂಗಳಲ್ಲಿ ಅದನ್ನು ಅವರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಏಪ್ರಿಲ್ ಕೊನೆಗೆ ಬಿಡುವುದಾಗಿ ಛಾಪಾ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದೆವು. ಉಳಿದದ್ದು ಅಡ್ವಾನ್ಸಿನ ಲೆಕ್ಕ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಹಿಡಿಯುವುದು ಬೆಂಗಳೂರಿನ ಬಹುಕಾಲದ ರೂಢಿ. ಅದನ್ನು ಕಾಯುವ ಯೋಜನೆ ಅಲ್ಲಿಲ್ಲ. ಕೊಡದಿದ್ದರೆ ಬಾಡಿಗೆದಾರನೇ ದಾವೆ ಹೂಡಬೇಕು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳಿದೆ. ಅದು ರಾಜ್ಯಗಳು ಅಳವಡಿಸಿಕೊಂಡರಷ್ಟೇ ಕಾನೂನು.

ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ವಾಡಿಕೆ, ಮುರಿದುಕೊ ಎಂದರು ಭಾವನವರು. ಕರಾರಿನಲ್ಲಿ ಆ ಮಾತು ಇರಲಿಲ್ಲ. ಸಹಜ ಸವೆತವನ್ನು ಬಿಟ್ಟು, ಪಡೆದ ಸ್ಥಿತಿಯಲ್ಲಿ ಮನೆಯನ್ನು ಹಿಂದಿರುಗಿಸಬೇಕು ಎಂದಷ್ಟೇ 108ನೇ ಕಲಂ ಹೇಳುತ್ತದೆ. ಒಂಬತ್ತು ವರ್ಷಗಳಲ್ಲಿ ಮಾಸಿದ ಗೋಡೆ ಸಹಜ ಸವೆತವಲ್ಲದೆ ಇನ್ನೇನು? ಲ್ಯಾಂಕಾಶೈರಿನ ಗೋಡೆಯ ಲೆಕ್ಕವೂ ನನಗೆ ಮರೆತಿರಲಿಲ್ಲ. ವಿದ್ಯುತ್ ಬಿಲ್ಲಿನ ಬಾಕಿ 1,140 ರೂಪಾಯಿಯನ್ನು ಕಳೆದು ಉಳಿದದ್ದನ್ನು ಚೆಕ್ಕಿನಲ್ಲಿ ಕೊಟ್ಟು, ರಸೀದಿಗೆ ಸಹಿ ಪಡೆದೆ. ಆ ಅಜ್ಜಿ ಹೋಗುವಾಗ ನೀರಿನ ಸಂಪಿನ ಬೀಗದ ಕೈಯನ್ನು ಮೇಲೆ ಬಂದು ನನ್ನ ತಾಯಿಯ ಕೈಗೇ ಕೊಟ್ಟರು.